ಹೆಣ್ಣಿಗೆ ಬಾರಿಸಿದ ಗಂಟೆ

ಥಾರ್ನ್‌ಬಿಯ ಸೂಲಗಿತ್ತಿ ಹೆಸ್ಟರ್ ದೇವರಿಗೆ ಹೆದರಿ ನಡೆಯುವ ಹೆಂಗಸು, ಯಾರ ಮೇಲೂ ಕೂಗಾಡಿದವಳಲ್ಲ. ಆದರೆ ಆ ಚಳಿಗಾಲವಿಡೀ ಅವಳ ಒಡಲಲ್ಲಿ ಕೆಂಡವಿತ್ತು.

ಊರಿನ ಪ್ರಭು ಬೇಟೆಯಲ್ಲಿ ಕುದುರೆಯಿಂದ ಬಿದ್ದು ಸತ್ತಿದ್ದ. ಹಿಂದೆ ಉಳಿದದ್ದು ಹೆಂಡತಿ ಲವಿನಿಯಾ ಮತ್ತು ಮೂವರು ಹೆಣ್ಣುಮಕ್ಕಳು. ಮೂವರನ್ನೂ ಕೈಹಿಡಿದು ಲೋಕಕ್ಕೆ ತಂದವಳು ಹೆಸ್ಟರೇ. ಆದರೆ ಪ್ರಭುವಿನ ಪದವಿ, ಅದಕ್ಕೆ ಅಂಟಿದ ಮನೆ, ಹೊಲ, ಎಲ್ಲವೂ ಗಂಡಿಗೆ ಮಾತ್ರ. ಮಗನಿಲ್ಲದಿದ್ದರೆ ಈ ಊರಿನ ಕೆಸರನ್ನೇ ತುಳಿಯದ ದಾಯಾದಿ ಪರ್ಸಿವಲ್‌ಗೆ. ಒಂದೇ ಅಡ್ಡಿ: ಲವಿನಿಯಾ ಬಸುರಿ. ಹೆರಿಗೆಯಾಗುವವರೆಗೆ ಪದವಿ ಯಾರದೂ ಅಲ್ಲ. ಪರ್ಸಿವಲ್ ಚರ್ಚಿನ ಎದುರಿನ ಹೆಂಡದಂಗಡಿಯ ಮಹಡಿಯಲ್ಲಿ ಕೋಣೆ ಹಿಡಿದು ಕಾಯತೊಡಗಿದ.

ಒಮ್ಮೆ ದಾರಿಯಲ್ಲೇ ಹೆಸ್ಟರಳನ್ನು ತಡೆದು ಕೇಳಿದ. "ಏನಮ್ಮ, ಹೊಟ್ಟೆ ಮುಂದಕ್ಕಿದೆಯಾ, ಅಗಲಕ್ಕಿದೆಯಾ?"

"ನಿಮ್ಮನ್ನ ಹೊತ್ತಾಗ ಹೇಗಿತ್ತು ಅಂತ ನಿಮ್ಮಮ್ಮನ್ನೇ ಕೇಳಿ, ಸ್ವಾಮಿ."

ಹೆಸ್ಟರಳ ಗಂಡ ಏಮಸ್ ಚರ್ಚಿನ ಗಂಟೆ ಬಾರಿಸುವವರ ಮುಖ್ಯಸ್ಥ. ಪ್ರಭುವಿನ ದೊಡ್ಡಮನೆಯಲ್ಲಿ ಗಂಡು ಹುಟ್ಟಿದರೆ ಎಲ್ಲ ಗಂಟೆಗಳೂ ಮೊಳಗಬೇಕು, ಹೆಣ್ಣಾದರೆ ಹಗ್ಗ ಮುಟ್ಟುವಂತಿಲ್ಲ. ಅದು ಅಜ್ಜಂದಿರ ಕಾಲದ ರೂಢಿ. ಹೆರಿಗೆಯ ಬೆಳಿಗ್ಗೆ ಏಮಸ್ ತನ್ನ ಜೊತೆಗಾರರನ್ನು ಕಟ್ಟಿಕೊಂಡು ಗೋಪುರದಲ್ಲಿ ಕಾದಿದ್ದ.

ಮಗು ಅತ್ತಿತು. "ಬೇಗ ಹೇಳು, ಹೆಸ್ಟರ್," ಎಂದಳು ಲವಿನಿಯಾ.

"ಹೆಣ್ಣುಮಗು, ಅಮ್ಮಾ. ಗುಂಡುಗುಂಡಾಗಿದ್ದಾಳೆ."

ಲವಿನಿಯಾ ಗೋಡೆಯ ಕಡೆ ಮುಖ ಮಾಡಿದಳು. "ನನ್ನನ್ನ ಕ್ಷಮಿಸಿಬಿಡಿ ಅಂತ ಹುಡುಗೀರಿಗೆ ಹೇಳು. ಅವರ ಮನೆ ಉಳಿಸೋಕೆ ಆಗಲಿಲ್ಲ."

"ಕ್ಷಮೆ ಯಾತಕ್ಕಮ್ಮ? ನೀವೇನು ಕದ್ರಾ?"

ಬಾಣಂತಿಗೆ ಮಾಡುವುದನ್ನೆಲ್ಲ ಮಾಡಿ, ಮಗುವನ್ನು ದಾದಿಯ ಕೈಗಿತ್ತು, ಏಪ್ರನ್ ಕೂಡ ಬಿಚ್ಚದೆ ಹೆಸ್ಟರ್ ಗೋಪುರಕ್ಕೆ ನಡೆದಳು. ಅವಳ ಮುಖ ನೋಡಿ ಎಲ್ಲರೂ ಕೋಟು ಹಾಕಿಕೊಳ್ಳತೊಡಗಿದರು.

"ಹೆಣ್ಣಾ? ಪಾಪ," ಎಂದ ಏಮಸ್.

"ಯಾರು ಪಾಪ? ಹಗ್ಗ ಹಿಡಿ."

"ತಲೆ ಕೆಟ್ಟಿದೆಯೇನೇ? ರೂಢಿಯಲ್ಲಿಲ್ಲ."

"ಬೈಬಲಿನಲ್ಲಿ ಅಣ್ಣತಮ್ಮಂದಿರಿಲ್ಲದ ಐವರು ಹೆಣ್ಣುಮಕ್ಕಳು ಮೋಶೆಯ ಎದುರು ನಿಂತು ಅಪ್ಪನ ಪಾಲು ಕೇಳಿದಾಗ, ಕೊಡು ಅಂದ ದೇವರು. ಆ ದೇವರ ಮನೆ ಗಂಟೆ ಇದು. ನಿನ್ನಜ್ಜಂದಲ್ಲ!"

ಅವಳೇ ದೊಡ್ಡ ಗಂಟೆಯ ಹಗ್ಗಕ್ಕೆ ಜೋತುಬಿದ್ದಳು. ಏಮಸ್ ಕೋಟು ಬಿಚ್ಚಿದ. "ಮನೆಗೆ ಹೋದ್ರೆ ಇವಳ ಕೈಯಲ್ಲೇ ಊಟ ಮಾಡಬೇಕಲ್ಲಪ್ಪ," ಎಂದು ಗೊಣಗಿ ಪಕ್ಕದ ಹಗ್ಗ ಹಿಡಿದ. ಉಳಿದವರೂ ಹಿಡಿದರು.

ಎದುರು ಮಹಡಿಯಲ್ಲಿ ಪರ್ಸಿವಲ್ ಮೊಳಗು ಕೇಳಿದ. ಗಂಟೆಯೆಂದರೆ ಗಂಡು. ಯಾರನ್ನೂ ಒಂದು ಮಾತು ಕೇಳದೆ ಪೆಟ್ಟಿಗೆ ಕಟ್ಟಿ ಮಧ್ಯಾಹ್ನದ ರೈಲು ಹತ್ತಿದ.

ವಾರ ಕಳೆಯುವಷ್ಟರಲ್ಲಿ ಸುದ್ದಿ ತಿಳಿದು ವಕೀಲನೊಡನೆ ವಾಪಸು ಬಂದ. "ನನಗೇ ಮೋಸ ಮಾಡ್ತೀಯಾ, ಮುದುಕಿ?"

"ಮಗು ಹುಟ್ಟಿತು, ಗಂಟೆ ಬಾರಿಸಿದ್ವಿ. ಗಂಡು ಅಂತ ನಿಮಗೆ ಹೇಳಿದವರು ಯಾರು?"

ಕಾನೂನು ಅವನ ಕಡೆಗಿತ್ತು. ಲವಿನಿಯಾ ನಾಲ್ವರು ಹೆಣ್ಣುಮಕ್ಕಳೊಡನೆ ಗಿರಣಿಯ ಪಕ್ಕದ ಬಾಡಿಗೆ ಮನೆಗೆ ಹೋದಳು. ಸಾಮಾನಿನ ಗಾಡಿಯ ಹಿಂದೆ ಹೆಸ್ಟರ್ ಕೂಸನ್ನೆತ್ತಿಕೊಂಡು ನಡೆದಳು, ದಾರಿಯುದ್ದಕ್ಕೂ ಹಲ್ಲು ಕಚ್ಚಿ. ದೊಡ್ಡಮನೆಯ ಬಾಗಿಲು ಅವಳಿಗೂ ಮುಚ್ಚಿತು. ಹೊಸ ಪ್ರಭುವನ್ನು ಅವಳು ಸಾಯುವವರೆಗೂ "ಪ್ರಭು" ಎನ್ನಲಿಲ್ಲ.

ಅಂದಿನಿಂದ ಥಾರ್ನ್‌ಬಿಯಲ್ಲಿ ಯಾವ ಹೆಣ್ಣು ಹುಟ್ಟಿದರೂ, ಕುರಿ ಕಾಯುವವನ ಮಗಳಾದರೂ, ಹೆಸ್ಟರ್ ಗೋಪುರ ಹತ್ತುತ್ತಿದ್ದಳು. ಕೆಲವು ವರ್ಷಗಳಾದ ಮೇಲೆ ಪರ್ಸಿವಲ್‌ನ ಹೆಂಡತಿ ಹೆತ್ತಳು. ಪಟ್ಟಣದಿಂದ ಕರೆಸಿದ ಬೇರೆ ಸೂಲಗಿತ್ತಿ. ಹುಟ್ಟಿದ್ದು ಹೆಣ್ಣು. ಗಂಟೆ ಬಾರಿಸಕೂಡದೆಂದು ಅವನ ಆಳು ಓಡಿಬಂದು ಹೇಳಿದ.

"ಅಪ್ಪನಿಗೆ ಬೇಡ ಅಂದ್ರೆ ದೇವರಿಗೂ ಬೇಡ್ವಾ?" ಎಂದಳು ಹೆಸ್ಟರ್. ತೋಳೇರಿಸಿ ಹಗ್ಗ ಜಗ್ಗಿದಳು.