ಕೋರ್ಟಿನ ಜಗಲಿಯಲ್ಲಿ ಅಪ್ಪನ ಹೆಸರು

ನಮ್ಮೂರ ಕೆರೆ ಅಂಗಳಕ್ಕೆ ಬೇಲಿ ಬಿದ್ದಾಗ ಪತ್ರಿಕೆಗೆ ಬರೆದವನು ನಾನು. ಬಡವನಹಳ್ಳಿ ಕಡೆಯ ಆ ಹಳ್ಳಿಯಲ್ಲಿ ಬಿ.ಎ. ಆಗಿದ್ದವನು ನಾನೊಬ್ಬನೇ. ಹಾಸ್ಟೆಲಿನಲ್ಲಿ ಬಡಿಸುವ ಕೆಲಸ ಮಾಡಿ, ಒಂದು ಸಲ ಫೇಲಾಗಿ, ಮತ್ತೆ ಕಟ್ಟಿ ಪಾಸು ಮಾಡಿದ್ದೆ. ನಾನಲ್ಲದೆ ಇನ್ನು ಯಾರು ಬರೆಯಬೇಕಿತ್ತು? ದನ ನೀರಿಗಿಳಿಯುವ ದಾರಿ ಮುಚ್ಚಿ ಊರ ಸಾಹುಕಾರರು ತೆಂಗಿನ ಸಸಿ ಇಡಿಸಿದ್ದಾರೆ ಎಂದು ಬರೆದೆ. ಅದರಲ್ಲಿ ಸುಳ್ಳು ಒಂದಕ್ಷರ ಇರಲಿಲ್ಲ.

ಸಾಹುಕಾರರು ಮಾನನಷ್ಟದ ಕೇಸು ಹಾಕಿದರು. ಮಧುಗಿರಿಯಲ್ಲೊಂದು, ಪಾವಗಡದಲ್ಲೊಂದು. ಪತ್ರಿಕೆಯನ್ನು ಅಲ್ಲೂ ಓದುತ್ತಾರಲ್ಲ, ಮಾನ ಅಲ್ಲೂ ಹೋಗಿದೆಯಂತೆ. ವಾಯಿದೆಗೆ ಅವರು ಬರುತ್ತಲೇ ಇರಲಿಲ್ಲ. ಅವರ ವಕೀಲರು ಬಂದು, ಕಕ್ಷಿದಾರರಿಗೆ ಮೈ ಹುಷಾರಿಲ್ಲ ಎಂದು ಹೇಳಿ, ಇನ್ನೊಂದು ತಾರೀಖು ತೆಗೆದುಕೊಂಡು ಹೋಗುತ್ತಿದ್ದರು.

"ಇದು ಯಾವಾಗ ಮುಗಿಯುತ್ತೆ ಸ್ವಾಮಿ?" ಎಂದು ನನ್ನ ವಕೀಲರನ್ನು ಕೇಳಿದೆ.

"ಅವರಿಗೆ ಗೆಲ್ಲೋದೇನೂ ಬೇಕಿಲ್ಲ ಕಣ್ರೀ. ನೀವು ಬಂದು ಇಲ್ಲಿ ನಿಂತಿರಬೇಕು, ಅಷ್ಟೆ."

ನಿಂತಿರುತ್ತಿದ್ದೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಅದೂ ಬರಲಿಲ್ಲ.

ಒಂದು ಸಲ ಅವ್ವ ಬುತ್ತಿ ಕಟ್ಟಿಕೊಂಡು ಮಧುಗಿರಿಗೆ ಜೊತೆಯಲ್ಲಿ ಬಂದಳು. ಮಧ್ಯಾಹ್ನ ಜವಾನ ಜಗಲಿಗೆ ಬಂದು ನನ್ನ ಹೆಸರು ಹೇಳಿ, 'ಬಿನ್' ಎಂದು ಅಪ್ಪನ ಹೆಸರು ಸೇರಿಸಿ ಮೂರು ಸಲ ಕೂಗಿದ. ಅಪ್ಪ ತೀರಿಕೊಂಡು ಆಗ ನಾಲ್ಕು ವರ್ಷ. ಗಂಡನ ಹೆಸರನ್ನು ಅವ್ವ ಒಂದು ದಿನವೂ ಬಾಯಲ್ಲಿ ಆಡಿದವಳಲ್ಲ. ಸೆರಗು ಎಳೆದುಕೊಂಡು ಗೋಡೆ ಕಡೆ ತಿರುಗಿ ನಿಂತಳು. ಪಕ್ಕದಲ್ಲಿದ್ದವನೊಬ್ಬ, "ಏನು ಕದ್ದಿದ್ನಂತೆ?" ಅಂದ.

ವಾಪಸು ಬರುವಾಗ ದಾರಿಯಲ್ಲಿ ಕೇಳಿದಳು. "ಸತ್ತೋರ್ನ ಯಾಕ್ಲಾ ಕೂಗ್ತಾರೆ?"

"ಅದು ಕೋರ್ಟಿನ ಕ್ರಮ ಕಣವ್ವ."

"ಪಾವಗಡದಾಗೂ ಇಂಗೇ ಕೂಗ್ತಾರಾ?"

"ಹೂಂ."

"ಇನ್ನೆಷ್ಟು ದಿನ ಕೂಗ್ತಾರೆ?"



ಮುಂದಿನ ವಾಯಿದೆಗೆ ಕ್ಷಮಾಪಣೆ ಬರೆದುಕೊಟ್ಟೆ. ನಾನು ಬರೆದದ್ದಕ್ಕೆ ಆಧಾರವಿಲ್ಲ ಎಂದು ಅವರ ವಕೀಲರು ಹೇಳಿದಂತೆ ಬರೆದೆ. ಅಕ್ಷರ ಚೆನ್ನಾಗಿದೆ ಅಂದರು. ಅದೇ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಎರಡೂ ಕೇಸು ವಾಪಸಾದವು. ಬೇಲಿ ಇದ್ದಲ್ಲೇ ಇತ್ತು. ದನಗಳನ್ನು ಕೆರೆ ಏರಿ ಬಳಸಿಕೊಂಡು ನೀರಿಗೆ ಹೊಡೆಯುತ್ತಿದ್ದೆವು.

ಮಾರನೆಯ ಬೇಸಿಗೆಗೆ ಬೇಲಿ ಆ ಕಡೆಗೂ ಬಂತು. ಊರಿನವರು ನಾಲ್ಕು ಜನ ನಮ್ಮ ಬಾಗಿಲಿಗೆ ಬಂದು, "ಅಕ್ಕಯ್ಯ, ಅಮಲ್ದಾರ್ರಿಗೆ ಒಂದು ಅರ್ಜಿ ಬರೀಬೇಕಿತ್ತು. ಬಿಯ್ಯೆ ಮಾಡಿರೋ ನಿನ್ ಮಗ ಇದಾನಲ್ಲ" ಅಂದರು.

ನಾನು ನಡುಮನೆಯಲ್ಲಿ ಕೂತಿದ್ದೆ. ಅವ್ವ ಮೊರದಿಂದ ಕಣ್ಣೆತ್ತಲಿಲ್ಲ.

"ಅವನಿಗೆ ಬರೆಯಾಕ್ ಬರಾಕಿಲ್ಲ ಕಣ್ರಪ್ಪ."

ಅವರು ಹೊರಟುಹೋದರು. ನಾನು ಏಳಲಿಲ್ಲ.