ಚಾಲಕ ಸಹಿತ

ಅವನಿಗೆ ಎಪ್ಪತ್ತೊಂದು ತುಂಬಿದೆ, ಆದರೂ ಬೀದಿಯವರೆಲ್ಲ ಅವನನ್ನು ನಲವತ್ತೇಳು ಅಂತಲೇ ಕರೆಯುತ್ತಾರೆ. ಹೊಸಬರು ಯಾರಾದರೂ ಅದು ವಯಸ್ಸಿನ ಲೆಕ್ಕ ಅಂದುಕೊಂಡು ನಕ್ಕರೆ, "ಹೌದಪ್ಪಾ, ಅಲ್ಲಿಗೇ ನಿಲ್ಲಿಸಿಬಿಟ್ಟಿದ್ದೀನಿ, ನನ್ನ ಬ್ರೇಕ್ ಚೆನ್ನಾಗಿದೆ" ಅನ್ನುತ್ತಾನೆ. ಅಸಲು ಸಂಗತಿ ಬೇರೆ. ಸೈನ್ಯದಲ್ಲಿ ಅವನು ನೀರಿನ ಲಾರಿ ಓಡಿಸುತ್ತಿದ್ದ. ಅವನಿದ್ದ ಸಾಗಣೆ ಪಡೆಯಲ್ಲಿ ಚಾಲಕರನ್ನು ಹೆಸರು ಹಿಡಿದು ಕರೆಯುವ ಅಭ್ಯಾಸವೇ ಇರಲಿಲ್ಲ. ಯಾರ ಕೈಯಲ್ಲಿ ಯಾವ ಗಾಡಿಯೋ, ಆ ಗಾಡಿಯ ನಂಬರೇ ಅವನ ಹೆಸರು. "ನಲವತ್ತೇಳಕ್ಕೆ ಮೈ ಬಿಸಿಯಾಗಿದೆಯಂತೆ" ಅಂದರೆ, ಗಾಡಿಗೋ ಮನುಷ್ಯನಿಗೋ ಅಂತ ಕೇಳಿಕೊಂಡು ಮೆಕ್ಯಾನಿಕ್ಕನ್ನೋ ಡಾಕ್ಟರನ್ನೋ ಕಳಿಸಬೇಕಾಗುತ್ತಿತ್ತು. ದಿನದ ಓಡಾಟದ ಪುಸ್ತಕದಲ್ಲಿ ಸಹಿ ಮಾಡುವ ಜಾಗದಲ್ಲೂ ಅವನು ೪೭ ಅಂತ ಗೀಚುತ್ತಿದ್ದ. ಎಲ್ಲ ಚಾಲಕರೂ ಹಾಗೇ ಮಾಡುತ್ತಿದ್ದರು. ಎರಡು ಅಂಕಿಯಲ್ಲಿ ಮುಗಿಯುವ ಕೆಲಸಕ್ಕೆ ಉದ್ದನೆಯ ಹೆಸರು ಯಾರು ಬರೀತಾರೆ?

ಸೈನ್ಯ ಬಿಟ್ಟ ಮೇಲೆ ಇಪ್ಪತ್ತೆಂಟು ವರ್ಷ ಹಾಲಿನ ಡೈರಿಯ ವ್ಯಾನು ಓಡಿಸಿದ. ಮಗಳನ್ನು ಓದಿಸಿದ, ಅವಳು ನರ್ಸಾದಳು. ಈಗ ಹೆಂಡತಿಯ ಹೊಲಿಗೆ ಕೆಲಸಕ್ಕೆ ಗುಂಡಿ ಹಚ್ಚಿಕೊಡುವುದು, ಬಟ್ಟೆ ಒಯ್ದು ಕೊಡುವುದು ಅವನ ನೌಕರಿ. ಮುಂದಿನ ಕೋಣೆಯಲ್ಲಿ ಅವಳ ಮೆಷಿನ್ನು, ಪಕ್ಕದಲ್ಲಿ ಅವನ ಸ್ಟೂಲು. ಅವನ ಬಲಗಿವಿ ಪೂರ್ತಿ ಕಿವುಡು. ತಾನು ಬಯ್ಯುವಾಗೆಲ್ಲ ಬೇಕೆಂದೇ ಆ ಕಿವಿಯನ್ನು ತನ್ನ ಕಡೆ ತಿರುಗಿಸಿಕೊಂಡು ಕೂರುತ್ತಾನೆ ಅಂತ ಅವಳ ದೂರು.

ಮೂರು ವರ್ಷದ ಹಿಂದೆ ಎಡಗಿವಿಯೂ ಕೈಕೊಡತೊಡಗಿತು. ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಕಿವಿಗೆ ಹಾಕುವ ಮೆಷಿನ್ನು ಕೊಡುತ್ತಾರೆ, ಸೇವಾ ದಾಖಲೆಯ ನಕಲು ಒಂದಿದ್ದರೆ ಸಾಕು ಅಂತ ಮಗಳು ಹೇಳಿದಳು. ಅಷ್ಟೇ ತಾನೇ ಅಂದುಕೊಂಡು ದಾಖಲೆ ಕಚೇರಿಗೆ ಹೋದ. ಕಿಟಕಿಯ ಆಚೆ ದಪ್ಪ ಕನ್ನಡಕದ ಗುಮಾಸ್ತ ಕೂತಿದ್ದ. ಅವನು ಹಾಳೆ ತಿರುವುತ್ತಾ ಒಂದು ಸಾಲಿನ ಮೇಲೆ ಬೆರಳು ನಿಲ್ಲಿಸಿದ. "ಇಲ್ಲಿ ಹನ್ನೊಂದು ತಿಂಗಳು ನೀವು ಗೈರು" ಅಂದ.

ಕಿವಿಯ ದೋಷ ಅಂತಲೇ ನಲವತ್ತೇಳು ಅಂದುಕೊಂಡ. ಎಡಗಿವಿಯನ್ನು ಕಿಟಕಿಯೊಳಕ್ಕೇ ತೂರಿಸಿ, "ಏನಂದ್ರಿ?" ಅಂದ.

"ಗೈರು. ಕಾರಣ ತಿಳಿದಿಲ್ಲ."

"ಇನ್ನೊಂದು ಸಲ ಓದಿ. ಜೋರಾಗಿ ಓದಿ."

ಗುಮಾಸ್ತ ಜೋರಾಗಿ ಓದಿದ. ಸಾಲಿನಲ್ಲಿ ನಿಂತಿದ್ದ ಹದಿನೈದು ಜನಕ್ಕೂ ಕೇಳಿಸಿತು. ಹಿಂದಿನವನೊಬ್ಬ ಮೆಲ್ಲಗೆ ಮುಖ ಆಚೆ ತಿರುಗಿಸಿದ್ದನ್ನು ನಲವತ್ತೇಳು ಕಂಡ. ಆವತ್ತು ಹೊಟ್ಟೆಯಲ್ಲಿ ಬಿದ್ದ ಬೆಂಕಿ ಮೂರು ವರ್ಷ ಆರಲಿಲ್ಲ.

ಯಾಕೆ ಅಂದರೆ ಆ ಹನ್ನೊಂದು ತಿಂಗಳಲ್ಲಿ ಅವನು ಗುಡ್ಡದ ಠಾಣೆಯಲ್ಲಿದ್ದ. ಗುಡ್ಡದ ತುದಿಯಲ್ಲಿ ಇನ್ನೂರು ಜನ ಸಿಪಾಯಿಗಳು, ಒಂದು ಹನಿ ನೀರಿಲ್ಲ. ಕೆಳಗಿನ ಹೊಳೆಯಿಂದ ತುಂಬಿಸಿಕೊಂಡು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹತ್ತಬೇಕು. ಎದುರು ಬೆಟ್ಟದವರಿಗೆ ರಸ್ತೆ ಅಂಗೈ ಮೇಲಿದ್ದ ಹಾಗೆ ಕಾಣುತ್ತಿತ್ತು, ಮನಸ್ಸು ಬಂದಾಗೆಲ್ಲ ಗುಂಡು, ಫಿರಂಗಿಯ ಶೆಲ್ಲು ಹಾಕುತ್ತಿದ್ದರು. ಮೇಲಿದ್ದವರು ಕಾಲಾಳು ಪಡೆಯವರು, ಅವರ ಹಾಜರಿ ಪುಸ್ತಕದಲ್ಲಿ ಅವರ ಹೆಸರು. ನಲವತ್ತೇಳು ಸಾಗಣೆ ಪಡೆಯಿಂದ ಎರವಲು ಹೋದವನು. ಸಾಗಣೆ ಪಡೆಯವರು "ಇಲ್ಲಿಲ್ಲ" ಅಂತ ಬಿಟ್ಟರು, ಕಾಲಾಳು ಪಡೆಯವರು "ನಮ್ಮವನಲ್ಲ" ಅಂತ ಬಿಟ್ಟರು. ಎಷ್ಟೋ ವರ್ಷದ ಮೇಲೆ ಹಳೆಯ ಪುಸ್ತಕಗಳನ್ನು ಹೊಸದಕ್ಕೆ ಇಳಿಸುವಾಗ ಯಾವನೋ ಪುಣ್ಯಾತ್ಮ ಅಲ್ಲಿ ಖಾಲಿ ಜಾಗ ನೋಡಿದ. ಖಾಲಿ ಬಿಟ್ಟರೆ ಮೇಲಿನವರು ಕೇಳುತ್ತಾರೆ ಅಂತ ಗೈರು ಅಂತ ತುಂಬಿ ಕೈ ತೊಳೆದುಕೊಂಡ.

ನಲವತ್ತೇಳು ಅರ್ಜಿ ಹಾಕಿದ. ಒಂದಲ್ಲ, ಏಳು. ಕಚೇರಿಗೆ ಅಲೆದು ಅಲೆದು ಎರಡು ಜೊತೆ ಚಪ್ಪಲಿ ಸವೆಸಿದ. ಉತ್ತರ ಬರುತ್ತಿತ್ತು, ಅದೂ ಎಂಥ ಉತ್ತರ! "ದಾಖಲೆಯಲ್ಲಿ ಇರುವುದು ಸರಿಯಾಗಿದೆ ಎಂದು ದಾಖಲೆಯಿಂದ ತಿಳಿದುಬರುತ್ತದೆ." ಹೆಂಡತಿ ಅದನ್ನು ಎರಡು ಸಲ ಓದಿದಳು. "ಇದನ್ನ ಬರೆದವನ ಅಂಗಿಗೆ ಎರಡೂ ತೋಳು ಒಂದೇ ಕಡೆ ಇರಬೇಕು" ಅಂದಳು.

ಏಳನೇ ಅರ್ಜಿ ಕೊಡಲು ಹೋದಾಗ ಕನ್ನಡಕದ ಗುಮಾಸ್ತ ಅವನನ್ನು ಒಳಗೆ ಕರೆದು ಕೂರಿಸಿದ, ಟೀ ತರಿಸಿದ. ಕೆಟ್ಟವನೇನಲ್ಲ, ಅವನಿಗೂ ನೋಡಿ ನೋಡಿ ಸಾಕಾಗಿತ್ತು. "ಯಜಮಾನ್ರೇ, ಒಂದು ದಾರಿ ಇದೆ. ಗೈರು ಅನ್ನೋದನ್ನ ತೆಗೆದು ರಜೆ ಅಂತ ಬರೆಯೋ ಅಧಿಕಾರ ನಮ್ಮ ಸಾಹೇಬ್ರಿಗೇ ಇದೆ. ಇವತ್ತೇ ಮೊಹರು ಬೀಳುತ್ತೆ. ನಾಳೆ ಕಿವಿಗೆ ಮೆಷಿನ್ನು ಬರುತ್ತೆ. ಇಲ್ಲಿ ಒಂದು ಸಹಿ ಹಾಕಿ, ಸಾಕು."

ಹಾಳೆ ಮನೆಗೆ ತಂದ. ಹೆಂಡತಿ ನೋಡಿ ಮುಖ ಅರಳಿಸಿದಳು. "ಹಾಕಿಬಿಡ್ರೀ ಸಹಿ! ಮೂರು ವರ್ಷ ಆಯ್ತು. ನಾನು ಗಂಟಲು ಹರಿದುಕೊಂಡು ಕೂಗಿ ಕೂಗಿ ಬೀದಿಯವರಿಗೆಲ್ಲ ನಮ್ಮ ಮನೆ ವಿಷಯ ಗೊತ್ತಾಗಿಹೋಗಿದೆ."

"ನಾನು ರಜೆಯಲ್ಲಿ ಇರಲಿಲ್ಲ."

"ಯಾರು ನೋಡ್ತಾರೆ? ಗೈರು ಹೋಗುತ್ತಲ್ಲ, ಅಷ್ಟು ಸಾಲದಾ?"

"ಸಾಲದು. ನಾನು ರಜೆಯಲ್ಲಿದ್ದೆ ಅಂತ ಬರೆದ್ರೆ, ಆ ಇನ್ನೂರು ಜನಕ್ಕೆ ಯಾರು ನೀರು ಕೊಟ್ರು? ಆಕಾಶದಿಂದ ಬಿತ್ತಾ?" ಅವನು ಸ್ಟೂಲಿನಿಂದ ಎದ್ದೇಬಿಟ್ಟ. "ನೀನೇ ಹೇಳು. ಮಗಳು ಹುಟ್ಟಿದ್ದು ಯಾವಾಗ?"

ಅವಳ ಕಾಲು ಮೆಷಿನ್ನಿನ ಪೆಡಲಿನ ಮೇಲೆ ನಿಂತಿತು. ಮಗಳು ಹುಟ್ಟಿದ್ದು ಆ ಹನ್ನೊಂದು ತಿಂಗಳಲ್ಲೇ. ಎರಡು ದಿನ ನೋವು ತಿಂದು, ಬಾಗಿಲ ಕಡೆ ನೋಡುತ್ತಾ ಹೆತ್ತವಳು ಅವಳು. ಅವನು ಮಗುವಿನ ಮುಖ ನೋಡಿದ್ದು ಅದಕ್ಕೆ ಏಳು ತಿಂಗಳಾದ ಮೇಲೆ.

"ಅಂದ್ರೆ ಇವರು ಬರೆಯೋದು," ಅವಳು ನಿಧಾನವಾಗಿ ಅಂದಳು, "ನಾನು ಒಬ್ಬಳೇ ಹೆರುವಾಗ ನನ್ನ ಗಂಡ ರಜೆ ಹಾಕಿಕೊಂಡು ಎಲ್ಲೋ ಅಡ್ಡಾಡ್ತಾ ಇದ್ದ ಅಂತ?"

"ಅದನ್ನೇ ಬರೆಯೋದು."

"ಥೂ! ಯಾರಿಗೆ ಬೇಕು ಇವರ ಮೆಷಿನ್ನು! ನನ್ನ ಗಂಟಲು ಇನ್ನೂ ಗಟ್ಟಿಯಾಗೇ ಇದೆ." ಹಾಳೆಯನ್ನು ಕಿತ್ತುಕೊಂಡು, ಕತ್ತರಿಯಲ್ಲಿ ನೀಟಾಗಿ ನಾಲ್ಕು ತುಂಡು ಮಾಡಿ ಚಿಂದಿಯ ಬುಟ್ಟಿಗೆ ಹಾಕಿದಳು. ಆಮೇಲೆ ದಾರ ಪೋಣಿಸುತ್ತಾ, "ಮನುಷ್ಯನ ಕಾಗದ ಇಲ್ಲ ಅಂತಾರಲ್ಲ, ಆ ಗಾಡೀದು ಕೇಳಿದ್ರಾ? ನಂಗೆ ಮೈಗೆ ಹುಷಾರಿಲ್ಲದಿದ್ರೆ ಒಬ್ಬರೂ ಕೇಳಲ್ಲ, ಮೆಷಿನ್ನು ಕೆಟ್ರೆ ಹತ್ತು ಜನ ವಿಚಾರಿಸ್ತಾರೆ" ಅಂದಳು.

ಮೂರು ವರ್ಷ ಅವನ ತಲೆಗೆ ಹೊಳೆಯದೇ ಇದ್ದದ್ದು ಇದೊಂದು. ಮರುದಿನವೇ ಹಳೆಯ ವಾಹನಗಳ ಡಿಪೋಗೆ ಹೋದ.

ಡಿಪೋದ ಉಗ್ರಾಣದವನು ಗ್ರೀಸು ಮೆತ್ತಿದ ಕೈಯಲ್ಲೇ ಕಪಾಟು ತೆಗೆದ. "ಸಿಪಾಯಿ ಕಾಗದ ಕಳೆದರೆ ಯಾರೂ ಕೇಳಲ್ಲ ಯಜಮಾನ್ರೇ. ಗಾಡಿ ಕಾಗದ ಕಳೆದರೆ ನನ್ನ ತಲೆ ಹೋಗುತ್ತೆ" ಅಂತ ಹೆಮ್ಮೆಯಿಂದಲೇ ಹೇಳಿ, ಅರ್ಧ ಗಂಟೆಯಲ್ಲಿ ನಲವತ್ತೇಳರ ಪುಸ್ತಕ ತಂದಿಟ್ಟ. ದಿನಕ್ಕೆರಡರಂತೆ ಓಡಾಟ, ಪ್ರತಿ ಸಾಲಿನ ಕೊನೆಗೆ ಅವನದೇ ಗೀಚು. ಅದರೊಳಗೆ ಎರವಲು ಪಟ್ಟಿಯ ಹಾಳೆಯೊಂದು ಅಂಟಿಸಿತ್ತು, ಅದರ ಮೊದಲ ಸಾಲು: "ಗುಡ್ಡದ ಠಾಣೆಗೆ: ನೀರಿನ ಗಾಡಿ ೧, ಬಿಡಿ ಚಕ್ರ ೧, ಚಾಲಕ ಸಹಿತ, ಜಾಕ್ ೧, ಬಕೆಟ್ ೨."

ಅವನು ಅದನ್ನು ಮೂರು ಸಲ ಓದಿದ. ಚಕ್ರಕ್ಕೂ ಜಾಕಿಗೂ ನಡುವೆ ಅವನಿದ್ದ. ಚಕ್ರಕ್ಕೆ ಒಂದು ಅಂತ ಲೆಕ್ಕ ಇತ್ತು, ಬಕೆಟ್ಟಿಗೆ ಎರಡು ಅಂತ ಲೆಕ್ಕ ಇತ್ತು, ಅವನಿಗೆ ಅದೂ ಇರಲಿಲ್ಲ. ಎಂಥ ಜನ ಇವರು ಅಂತ ಮೈ ಉರಿಯಿತು. ಅದರ ಜೊತೆಗೇ ಸಿಕ್ಕಿತಲ್ಲ ಅನ್ನುವ ಖುಷಿಗೆ ಉಗ್ರಾಣದವನ ಗ್ರೀಸಿನ ಕೈ ಹಿಡಿದು ಕುಲುಕಿದ.

ವಿಚಾರಣಾ ಮಂಡಳಿಯ ಮುಂದೆ ಅವನ ಸರದಿ ಎರಡು ತಿಂಗಳ ಮೇಲೆ ಬಂತು. ಅಷ್ಟರಲ್ಲಿ ಅವನು ಸುಮ್ಮನೆ ಕೂರಲಿಲ್ಲ, ಬಸ್ಸು ಹಿಡಿದು ನಾಲ್ಕೈದು ಊರು ಸುತ್ತಿ ಬಂದ. ಎಲ್ಲಿಗೆ, ಯಾಕೆ ಅನ್ನುವುದು ಹೆಂಡತಿಗೊಬ್ಬಳಿಗೇ ಗೊತ್ತಿತ್ತು. ವಿಚಾರಣೆಯ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹೆಂಡತಿಯನ್ನು ಎಡಗಡೆ ಕರೆದುಕೊಂಡು ಹೋದ. ಉದ್ದನೆಯ ಮೇಜಿನ ಹಿಂದೆ ಮೂವರು. ನಡುವೆ ಕೂತಿದ್ದ ಅಧ್ಯಕ್ಷೆ ಸಮವಸ್ತ್ರದ ಹಿರಿಯ ಅಧಿಕಾರಿ, ಮಾತು ಕಮ್ಮಿ. ಕನ್ನಡಕದ ಗುಮಾಸ್ತ ಬದಿಯಲ್ಲಿ ಕಡತಗಳ ಜೊತೆ ನಿಂತಿದ್ದ.

ಅಧ್ಯಕ್ಷೆ ಪುಸ್ತಕ ತಿರುವಿ ಹಾಕಿದಳು. "ಗಾಡಿ ಅಲ್ಲಿತ್ತು ಅನ್ನೋದು ಸರಿ. ನೀವು ಅಲ್ಲಿದ್ರಿ ಅನ್ನೋದಕ್ಕೆ ಇದರಲ್ಲಿ ಏನಿದೆ? ಸಹಿ ಜಾಗದಲ್ಲಿ ಗಾಡಿ ನಂಬರಿದೆ."

"ಅದೇ ನಾನು ಮೇಡಂ."

"ಇದು ಗಾಡಿ."

"ಗಾಡಿ ತಾನೇ ಪೆನ್ನು ಹಿಡಿದು ಬರೀತಾ?"

ಪಕ್ಕದ ಸದಸ್ಯನೊಬ್ಬ ಕೆಮ್ಮಿ ನಗು ನುಂಗಿದ. ಅಧ್ಯಕ್ಷೆ ನಗಲಿಲ್ಲ. "ಬೇರೆ ಯಾರಾದರೂ ಓಡಿಸಿ ಇದೇ ನಂಬರ್ ಬರೆದಿರಬಹುದಲ್ಲ?"

ನಲವತ್ತೇಳು ಎದ್ದು ಹೋಗಿ, ಕೇಳದೆಯೇ ಮೇಜಿನ ಮೇಲೆ ಬಾಗಿ ಒಂದು ಪುಟ ತೆಗೆದ. ರಿಪೇರಿ ವರದಿಯ ಪುಟ. "ಓದಿ ಮೇಡಂ. ಜೋರಾಗಿ ಓದಿ, ಒಂದು ಕಿವಿ ಪೂರ್ತಿ ಹೋಗಿದೆ, ಇನ್ನೊಂದು ಹೋಗ್ತಾ ಇದೆ."

ಅಧ್ಯಕ್ಷೆ ಓದಿದಳು. "ಏಳನೇ ತಿರುವಿನಲ್ಲಿ ಶೆಲ್ ಬಿದ್ದು ಮುಂದಿನ ಗಾಜು ಒಡೆದಿದೆ. ಬಲಬಾಗಿಲು ತೂತು. ಚಾಲಕನ ಬಲಗಿವಿ ಕೇಳಿಸುವುದಿಲ್ಲ. ಗಾಜು ಬದಲಿಸಿದೆ. ಬಾಗಿಲು ಬದಲಿಸಿದೆ. ಗಾಡಿ ಓಡಿಸಲು ಯೋಗ್ಯ."

"ಗಾಜಿಗೆ ಗಾಜು ಕೊಟ್ರು, ಬಾಗಿಲಿಗೆ ಬಾಗಿಲು ಕೊಟ್ರು" ಅಂದ ನಲವತ್ತೇಳು. "ಕಿವಿ ಉಗ್ರಾಣದಲ್ಲಿ ಇರಲಿಲ್ಲ. ನಿಮ್ಮ ಡಾಕ್ಟರನ್ನೇ ಕರೆಸಿ, ನೋಡಲಿ. ಇದು ಮುಪ್ಪಿನ ಕಿವುಡೋ ಶೆಲ್ಲಿನ ಕಿವುಡೋ ಹೇಳಲಿ."

ಶೆಲ್ಲಿನ ಕಿವುಡೇ ಅನ್ನುವ ಡಾಕ್ಟರರ ಚೀಟಿ ಆಗಲೇ ಕಡತದಲ್ಲಿತ್ತು. ಮಗಳು ಬರೆಸಿ ಇಟ್ಟಿದ್ದಳು. ಅವನು ಕುರ್ಚಿಗೆ ಮರಳಿದ ಮೇಲೆ ಮೂವರೂ ತಲೆ ಸೇರಿಸಿ ಮಾತಾಡಿಕೊಂಡರು. ಆಮೇಲೆ ಅಧ್ಯಕ್ಷೆ ಗೈರು ಅನ್ನುವುದರ ಮೇಲೆ ಕೆಂಪು ಗೆರೆ ಎಳೆದಳು. ಪಕ್ಕದಲ್ಲಿ "ಗುಡ್ಡದ ಠಾಣೆಯಲ್ಲಿ ಕರ್ತವ್ಯದ ಮೇಲೆ" ಅಂತ ಬರೆದು, ಸಹಿ ಹಾಕಿ, ಪೂರ್ತಿ ಓದಿ ಹೇಳಿದಳು. ಹೆಂಡತಿ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಗುಮಾಸ್ತನ ಮುಖದಲ್ಲೂ ನಿರಾಳ. "ಮುಂದಿನವರು ಬರಲಿ" ಅಂತ ಅವನು ಬಾಗಿಲ ಕಡೆ ಕೂಗಿದ.

ನಲವತ್ತೇಳು ಕುರ್ಚಿ ಬಿಟ್ಟು ಏಳಲಿಲ್ಲ.

"ಇನ್ನೇನಿದೆ?" ಅಂದಳು ಅಧ್ಯಕ್ಷೆ.

"ಈ ಎರವಲು ಪಟ್ಟಿ ಪೂರ್ತಿ ಓದಲಿಲ್ಲ ನೀವು. ನನ್ನ ಸಾಲಿನ ಕೆಳಗೆ ಇನ್ನೂ ಐದು ಗಾಡಿ ಇವೆ. ಎಲ್ಲವೂ ಚಾಲಕ ಸಹಿತ."

"ಅವರವರ ಅರ್ಜಿ ಅವರವರು ಹಾಕಬೇಕು."

"ನಾಲ್ಕು ಜನ ಹಾಕ್ತಾರೆ. ಮನೆ ಮನೆಗೆ ಹೋಗಿ ಹೇಳಿ ಬಂದಿದ್ದೀನಿ. ಮೂವತ್ತೊಂದು ಹಾಕೋ ಹಾಗಿಲ್ಲ." ಅವನು ಪಟ್ಟಿಯ ಕಡೆ ಬೆರಳು ತೋರಿಸಿದ. "ಏಳನೇ ತಿರುವಿನಲ್ಲಿ ನನ್ನ ಮುಂದಿನ ಗಾಡಿ ಅವನದು. ಮೊದಲ ಶೆಲ್ಲು ಅವನಿಗೇ ಬಿತ್ತು. ಗಾಡಿ ಸಮೇತ ಕಣಿವೆಗೆ ಹೋದ. ನಾನು ಕಣ್ಣಾರೆ ನೋಡಿದ್ದೀನಿ. ಅವನ ದಾಖಲೆ ತರಿಸಿ ನೋಡಿ, ಏನಿದೆ ಅಂತ."

ಅವನು ಮುಂದಿಟ್ಟ ಸೇವಾ ಸಂಖ್ಯೆಯ ಚೀಟಿಯನ್ನು ಅಧ್ಯಕ್ಷೆ ಗುಮಾಸ್ತನ ಕಡೆ ಸರಿಸಿದಳು. ಅವನು ಹೋಗಿ ಸುಮಾರು ಹೊತ್ತಿನ ಮೇಲೆ ಧೂಳು ಹಿಡಿದ ಕಡತದೊಂದಿಗೆ ಬಂದ. ತೆಗೆದು ಓದುವಾಗ ಅವನ ದನಿ ಇಳಿದುಹೋಗಿತ್ತು. "ಗೈರು. ಕಾರಣ ತಿಳಿದಿಲ್ಲ. ಮರಳಿ ಬಂದಿಲ್ಲ."

"ಪಡೆಯವರು ಮನೆಗೆ ತಿಳಿಸಿರ್ತಾರೆ ಅಂದ್ಕೊಂಡಿದ್ದೆ ನಾನು. ತಪ್ಪು ನಂದೂ ಇದೆ" ಅಂದ ನಲವತ್ತೇಳು. "ಹೋದ ತಿಂಗಳು ಅವನ ಊರಿಗೆ ಹೋಗಿದ್ದೆ. ತಂಗಿ ಸಿಕ್ಕಿದಳು. ತಾಯಿ ಸಾಯೋತನಕ ಆ ಊರವರ ಬಾಯಲ್ಲಿ ಓಡಿಹೋದವನ ತಾಯಿ ಆಗಿದ್ದಳಂತೆ. ಇವತ್ತು ಅದನ್ನ ತಿದ್ದದೆ ನಾನು ಇಲ್ಲಿಂದ ಏಳಲ್ಲ ಮೇಡಂ. ಪೊಲೀಸರನ್ನ ಕರೆಸ್ತೀರಾ, ಕರೆಸಿ."

"ನಾನೂ ಏಳಲ್ಲ" ಅಂತ ಹೆಂಡತಿ ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

ಅಧ್ಯಕ್ಷೆ ಆ ಕಡತವನ್ನು ತನ್ನ ಕಡೆ ಸರಿಸಿಕೊಂಡು ಪೆನ್ನಿನ ಮುಚ್ಚಳ ತೆಗೆದಳು. "ಕಣ್ಣಾರೆ ಕಂಡ ಸಾಕ್ಷಿ ಅಂತ ನಿಮ್ಮ ಹೇಳಿಕೆ ಬರ್ಕೋತೀನಿ. ಹೆಸರು ಹೇಳಿ. ನಂಬರಲ್ಲ, ಅವರ ಹೆಸರು."

ಅವನು ಹೇಳಿದ. ಹೆಸರು, ತಂದೆಯ ಹೆಸರು, ತಾಯಿಯ ಹೆಸರು, ಊರು, ಎಲ್ಲವನ್ನೂ ಹೊರಗಿನ ಬೆಂಚಿನವರಿಗೂ ಕೇಳುವಷ್ಟು ಜೋರಾಗಿ ಹೇಳಿದ.

"ಏನಂತ ಬರೀಲಿ?"

"ಸತ್ತಿದ್ದಾನೆ ಅಂತ ಬರೀರಿ. ಟ್ಯಾಂಕಿನ ತುಂಬ ನೀರಿತ್ತು ಅಂತ ಬರೀರಿ. ಗಾಡಿ ಮುಖ ಗುಡ್ಡದ ಕಡೆಗಿತ್ತು ಮೇಡಂ, ಅದನ್ನ ಮಾತ್ರ ಬಿಡದೆ ಬರೀರಿ. ಅವನು ಮೇಲಕ್ಕೆ ಹತ್ತುತ್ತಾ ಇದ್ದ."