ಅನಸೂಯಮ್ಮನ ಮನೆ ತೊಟ್ಟಿಯ ಕೊರವ

ಶುಕ್ರವಾರ ಬಂತೆಂದರೆ ಅನಸೂಯಮ್ಮ ಊರವರ ಮನೆಗಳ ನೀರನ್ನೆಲ್ಲ ಬಗ್ಗಿ ಬಗ್ಗಿ ನೋಡಬೇಕು. ಡ್ರಮ್ಮು, ತೊಟ್ಟಿ, ದನ ಕುಡಿಯುವ ಬಾನಿ, ಹಿತ್ತಿಲಿಗೆ ಬಿಸಾಕಿದ ಟೈರು, ಒಂದನ್ನೂ ಬಿಡುವಂತಿಲ್ಲ. ಟಾರ್ಚ್ ಬಿಟ್ಟು ನೋಡಿ, ಸೊಳ್ಳೆಮರಿ ಇದ್ದರೆ ನೀರು ಚೆಲ್ಲಿಸಿ, ಬಾಗಿಲ ಪಕ್ಕದ ಗೋಡೆಗೆ ಸೀಮೆಸುಣ್ಣದಲ್ಲಿ ತಾರೀಕು ಬರೆದು ಮುಂದಿನ ಮನೆಗೆ ನಡೆಯಬೇಕು. ಹಳ್ಳಿಮೈಸೂರು ಕಡೆಯ ಆ ಊರಲ್ಲಿ ಅವರು ಹದಿನಾಲ್ಕು ವರ್ಷದಿಂದ ಆಶಾ ಕಾರ್ಯಕರ್ತೆ. ಸರ್ಕಾರದ ಪ್ರಕಾರ ಅವರು ನೌಕರರಲ್ಲ, ಸೇವೆ ಮಾಡುವವರು. ಸೇವೆ ಮಾಡುವವರ ಮಂಡಿ ಸವೆದರೆ ಕೇಳುವವರಿಲ್ಲ. ಹಾಸನದಲ್ಲಿ ನಾವು ಸಂಘದವರು ಧರಣಿ ಕೂತಾಗೆಲ್ಲ ಬರುತ್ತಿದ್ದರು. ಘೋಷಣೆ ಕೂಗಿದ್ದು ನಾನು ಕಂಡಿಲ್ಲ. ಕಾಲು ಚಾಚಿ ಕೂರಲು ಒಂದು ದಿನ ಸಿಕ್ಕಿತಲ್ಲ ಎಂಬಂತೆ ಶಾಮಿಯಾನದ ಕಂಬಕ್ಕೆ ಒರಗಿ ಕಣ್ಣು ಮುಚ್ಚುತ್ತಿದ್ದರು.

ಗಂಡ ಕೆಂಪಣ್ಣ ಆಲೂಗಡ್ಡೆ ಲಾರಿ ಓಡಿಸುತ್ತಿದ್ದವರು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಬಿದ್ದುಹೋದವು. ಕಾಲು ಅಷ್ಟಿಷ್ಟು ಬಂತು. ಕೈ ಬರಲಿಲ್ಲ, ಮಾತೂ ಬರಲಿಲ್ಲ. ಹೆಂಡತಿ ಬೆಳಿಗ್ಗೆ ಉಣ್ಣಿಸಿ ಹೋದರೆ ಸಂಜೆ ಬರುವವರೆಗೆ ಗೋಡೆ ನೋಡುತ್ತ ಕೂತಿರುತ್ತಿದ್ದರು. ಟಿ.ವಿ. ಹಾಕಿಟ್ಟು ಹೋದರೂ ಗೋಡೆಯನ್ನೇ ನೋಡುತ್ತಿದ್ದರು.

ಏಳೆಂಟು ತಿಂಗಳು ಹೀಗೇ ಕಳೆದ ಮೇಲೆ ಒಂದು ಭಾನುವಾರ ಅನಸೂಯಮ್ಮನ ತಮ್ಮ ಹೇಮಾವತಿ ನಾಲೆಯಲ್ಲಿ ಸಿಕ್ಕಿದ ಒಂದು ಕೊರವ ಮೀನು ತಂದುಕೊಟ್ಟ. ಹಾವಿನ ತಲೆ, ಮೊಳದುದ್ದ ಮೈ. ನೀರಿನಿಂದ ತೆಗೆದರೂ ಗಂಟೆಗಟ್ಟಲೆ ಸಾಯದ ಗಟ್ಟಿ ಪ್ರಾಣಿ. ಕಾಯಿಲೆ ಬಿದ್ದವರಿಗೆ ಇದರ ಸಾರು ಕೊಟ್ಟರೆ ಮೈಗೆ ಹತ್ತುತ್ತದೆ ಎಂದು ನಮ್ಮ ಕಡೆ ಹೇಳುತ್ತಾರೆ. ಅವನು ಬರುವ ಹೊತ್ತಿಗೆ ಮನೆಯಲ್ಲಿ ಊಟ ಮುಗಿದಿತ್ತು. ಮಾರನೇ ದಿನ ಸೋಮವಾರ, ಆ ಮನೆಯಲ್ಲಿ ಬಾಡಿನ ಮಾತೆತ್ತುವಂತಿಲ್ಲ. ಮಂಗಳವಾರ ಕುಯ್ದರಾಯಿತೆಂದು ಬಚ್ಚಲ ಪಕ್ಕದ ಸಿಮೆಂಟ್ ತೊಟ್ಟಿಗೆ ಬಿಟ್ಟರು.

ಸೋಮವಾರ ಇಡೀ ದಿನ ಕೆಂಪಣ್ಣ ತೊಟ್ಟಿಯ ಅಂಚಿನಲ್ಲಿ ಕೂತಿದ್ದರು. ಮಂಗಳವಾರ ಬೆಳಿಗ್ಗೆ ಅನಸೂಯಮ್ಮ ಕತ್ತಿ, ಬೂದಿ ತೆಗೆದುಕೊಂಡು ಹೋದರೆ, ಅಷ್ಟು ತಿಂಗಳಲ್ಲಿ ಮೊದಲ ಸಲ ಒಂದು ಮಾತು ನೆಟ್ಟಗೆ ಬಂತು. “ಬ್ಯಾಡ.”

ಕತ್ತಿ ವಾಪಸು ಅಡುಗೆಮನೆಗೆ ಹೋಯಿತು.

ಅಲ್ಲಿಂದ ಮುಂದೆ ಕೆಂಪಣ್ಣನಿಗೆ ಅದೇ ಕೆಲಸ. ಮೀನು ಎಷ್ಟು ಹೊತ್ತಿಗೊಮ್ಮೆ ಉಸಿರಿಗೆ ಮೇಲೆ ಬರುತ್ತದೆ, ಬಿಸಿಲಿದ್ದರೆ ಯಾವ ಮೂಲೆ, ಮೋಡವಾದರೆ ಯಾವ ಮೂಲೆ, ಎಲ್ಲ ಗೊತ್ತು. ಕೊರವ ಕೊರಡಿನ ಹಾಗೆ ಅಲ್ಲಾಡದೆ ನಿಂತಿರುತ್ತದೆ. ಕಪ್ಪೆ ಸತ್ತ ಮರವೆಂದುಕೊಂಡು ಹತ್ತಿರ ಹೋಗುತ್ತದೆ. ನೀರು ಒಂದು ಸಲ ಗುಳುಂ ಎನ್ನುತ್ತದೆ, ಕಪ್ಪೆ ಇರುವುದಿಲ್ಲ. ಕೆಂಪಣ್ಣನ ನೆರಳು ಬಿದ್ದರೆ ಮೇಲೆ ಬರುವ ಮೀನು ಅನಸೂಯಮ್ಮನ ನೆರಳು ಬಿದ್ದರೆ ತಳ ಸೇರುತ್ತಿತ್ತು. ಕತ್ತಿ ನೆನಪಿದೆ ಅದಕ್ಕೆ ಎಂದು ಆಕೆ ನಗುತ್ತಿದ್ದರು. ಸಂಜೆ ಬಂದರೆ ಕೆಂಪಣ್ಣ ತೊದಲುತ್ತ, ಎಡಗೈ ಆಡಿಸುತ್ತ ಮೀನಿನ ಸುದ್ದಿ ಒಪ್ಪಿಸುತ್ತಿದ್ದರು. ದಿನಕ್ಕೊಂದು ಪದ ಹೆಚ್ಚಾಗುತ್ತಿತ್ತು.

ಮಳೆಗಾಲ ಬಂತು. ಆಸ್ಪತ್ರೆಯಿಂದ ಪ್ಲಾಸ್ಟಿಕ್ ಕವರಿನಲ್ಲಿ ಗಪ್ಪಿ ಮೀನು ಕೊಟ್ಟು, ಖಾಲಿ ಮಾಡಲಾಗದ ತೊಟ್ಟಿಗಳಿಗೆ ಬಿಡಿ, ಸೊಳ್ಳೆಮರಿ ತಿನ್ನುತ್ತವೆ ಎಂದರು. ಅನಸೂಯಮ್ಮ ತಮ್ಮ ತೊಟ್ಟಿಗೂ ನಲವತ್ತು ಬಿಟ್ಟರು. ಸಂಜೆಗೆ ಒಂದೂ ಇರಲಿಲ್ಲ. ಕೊರವನ ಹೊಟ್ಟೆ ಉಬ್ಬಿತ್ತು, ಕೆಂಪಣ್ಣ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಗಂಡ ನಕ್ಕಿದ್ದೇ ಸಾಕೆಂದು ಆಕೆ ಸುಮ್ಮನಾದರು. ಆ ಶುಕ್ರವಾರ ತಮ್ಮ ಮನೆಯ ಗೋಡೆಗೆ ತೊಟ್ಟಿ ನೋಡದೆಯೇ ತಾರೀಕು ಬರೆದರು. ಮುಂದಿನ ವಾರವೂ ಬರೆದರು. ಅದರ ಮುಂದಿನ ವಾರವೂ. ಇಷ್ಟೂ ಮನೆ ಬಗ್ಗಿ ನೋಡಿ ಬಂದವಳಿಗೆ ತನ್ನ ಮನೆಯಲ್ಲಿ ಇನ್ನೊಂದು ಸಲ ಬಗ್ಗಲು ಸೊಂಟ ಬರುತ್ತಿರಲಿಲ್ಲ ಎನ್ನುವುದು ಒಂದು ಕಾರಣ. ಕೊರವ ಸೊಳ್ಳೆಮರಿ ಮುಟ್ಟುವುದಿಲ್ಲ, ನೋಡಿದರೆ ಏನು ಕಾಣುತ್ತದೆಂದು ಗೊತ್ತಿತ್ತು ಎನ್ನುವುದು ಇನ್ನೊಂದು. ಎರಡನ್ನೂ ಆಕೆಯೇ ನನಗೆ ಹೇಳಿದ್ದು.

ಪಕ್ಕದ ಮನೆ ಕಾಮಾಕ್ಷಮ್ಮನ ಮೊಮ್ಮಗಳು ಮಾನ್ಯಳಿಗೆ ಡೆಂಗ್ಯೂ ಬಂತು. ಆರು ವರ್ಷದ ಕೂಸು. ಹಾಸನದ ಆಸ್ಪತ್ರೆಯಲ್ಲಿ ಎಂಟು ದಿನ ಮಲಗಿಸಿ, ಉಳಿಸಿಕೊಂಡು ಬಂದರು. ಅನಸೂಯಮ್ಮ ನೋಡಲು ಹೋದರು. ಮಗುವಿನ ಕೈ ಸೂಜಿ ಚುಚ್ಚಿ ಚುಚ್ಚಿ ಕಪ್ಪಗಾಗಿತ್ತು. ಕಾಮಾಕ್ಷಮ್ಮ ಕಾಫಿ ಕೊಟ್ಟು, ದನಿ ಏರಿಸದೆ ಕೇಳಿದರು:

“ಅನಸೂಯಕ್ಕ, ನಮ್ಮನೆ ಡ್ರಮ್ಮಿಗೆ ವಾರ ವಾರ ಟಾರ್ಚ್ ಬುಡ್ತೀಯಲ್ಲ. ನಿಮ್ಮನೆ ತೊಟ್ಟಿಗೆ ಬುಡೋರು ಯಾರವ್ವ?”

ಕಚ್ಚಿದ್ದು ಯಾವ ಮನೆಯ ಸೊಳ್ಳೆಯೆಂದು ಯಾರು ಹೇಳಬಲ್ಲರು. ಅನಸೂಯಮ್ಮ ಆ ವಾದ ಹೂಡಲಿಲ್ಲ. ಕಾಫಿ ಅರ್ಧಕ್ಕೆ ಬಿಟ್ಟು ಎದ್ದು ಬಂದು ತಮ್ಮ ತೊಟ್ಟಿಗೆ ಟಾರ್ಚ್ ಬಿಟ್ಟರು. ಅಂಚಿನುದ್ದಕ್ಕೂ ಮರಿಗಳು ಮಿಜಿಮಿಜಿ ಎನ್ನುತ್ತಿದ್ದವು. ಸೀಮೆಸುಣ್ಣ ತೆಗೆದುಕೊಂಡು ತಮ್ಮ ಬಾಗಿಲ ಪಕ್ಕದಲ್ಲಿ, ಬೀದಿಗೆ ಕಾಣುವಂತೆ, ‘ಲಾರ್ವಾ ಇದೆ’ ಎಂದು ದಪ್ಪಗೆ ಬರೆದರು. ಆಮೇಲೆ ಒಳಗೆ ಬಂದು ಗಂಡನಿಗೆ ಹೇಳಿದರು: “ಕುಯ್ಯಕಿಲ್ಲ. ನಾಲೆಗೆ ಬುಟ್ಬತ್ತೀನಿ.”

ಕೆಂಪಣ್ಣ ಎಡಗೈಯಲ್ಲಿ ತೊಟ್ಟಿಯ ಅಂಚು ಹಿಡಿದುಕೊಂಡರು. ಬಾಯಿ ಸೊಟ್ಟಗೆ ಆಡಿತು. ಒಂದೊಂದೇ ಪದ ಎಳೆದು ಎಳೆದು ಅಂದರು:

“ನೀನು ದಿನಾ ಓಯ್ತೀಯ. ಅದು ಓಗಕಿಲ್ಲ.”

ನಾಲೆಗೆ ಒಯ್ಯಲು ತಂದಿದ್ದ ಬಕೀಟನ್ನು ಆಕೆ ಅಲ್ಲೇ ಇಟ್ಟರು. ಆಮೇಲೆ ಮೀನನ್ನು ಅದಕ್ಕೇ ಹಾಕಿ, ತಟ್ಟೆ ಮುಚ್ಚಿ, ಗಂಡನ ಎಡಗೈಯನ್ನು ಅದರ ಮೇಲೆ ಒತ್ತಿಟ್ಟು, ತೊಟ್ಟಿಯ ತೂತಿಗೆ ತುರುಕಿದ್ದ ಬಟ್ಟೆ ಕಿತ್ತರು. ತಿಂಗಳುಗಟ್ಟಲೆ ನಿಂತಿದ್ದ ಹಸಿರು ನೀರು ಹರಿದುಹೋಯಿತು.

ತೊಟ್ಟಿಯ ಬಾಯಿಗೆ ಸೊಳ್ಳೆಪರದೆ ಕಟ್ಟಿ ನೋಡಿದ್ದೂ ಆಯಿತು. ಮೀನು ಕಾಣುವುದಿಲ್ಲವೆಂದು ಕೆಂಪಣ್ಣ ಸಂಜೆಯೊಳಗೆ ಕಿತ್ತು ಹಾಕಿದರು. ಹಾಗಾಗಿ ಈಗ ಪ್ರತಿ ಶುಕ್ರವಾರ ಊರೆಲ್ಲ ಮುಗಿಸಿ ಬಂದು, ಕೊನೆಯ ಮನೆಯಾಗಿ ತಮ್ಮ ಮನೆ. ತೊಟ್ಟಿಯ ಗೋಡೆಗೆ ಅಂಟಿದ ಸೊಳ್ಳೆಮೊಟ್ಟೆ ಹೋಗಬೇಕೆಂದರೆ ಬ್ರಷ್ ಹಾಕಿ ಉಜ್ಜಲೇಬೇಕು. ಆಮೇಲೆ ಮೂವತ್ತು ಬಿಂದಿಗೆ ನೀರು ಹೊರಬೇಕು. ಒಮ್ಮೆ ತಟ್ಟೆ ಜಾರಿ ಮೀನು ಬಚ್ಚಲಿಗೆ ಹಾರಿತು. ಗಂಡಹೆಂಡತಿ ಸೇರಿ ಹಿಡಿಯುವಷ್ಟರಲ್ಲಿ ಕೆಂಪಣ್ಣನ ಬಾಯಿಂದ ಲಾರಿ ಕಾಲದ ಬೈಗುಳ ಒಂದೂ ತಪ್ಪದಂತೆ ಬಂತು.

ಮೀನಿಗೆ ಇದು ಹಿಡಿಸಿಲ್ಲ. ಹೊಸ ನೀರಿಗೆ ಬಿದ್ದರೆ ಮೂಲೆಗೆ ಮೂತಿ ಇಟ್ಟು ನಿಲ್ಲುತ್ತದೆ. ಭಾನುವಾರ ಕೋಳಿಯ ಕರುಳು ಹಾಕಿದರೂ ತಿರುಗಿ ನೋಡುವುದಿಲ್ಲ. ಕೆಂಪಣ್ಣ ಕಾಯುತ್ತಾರೆ. ಬುಧವಾರದ ಹೊತ್ತಿಗೆ ಅವರ ನೆರಳಿಗೆ ಮೇಲೆ ಬರುತ್ತದೆ, ಗುರುವಾರ ಬೆರಳ ತುದಿಯಿಂದ ಕಿತ್ತು ತಿನ್ನುತ್ತದೆ. ಶುಕ್ರವಾರ ಮತ್ತೆ ಬಕೀಟು.

ಕಳೆದ ಶುಕ್ರವಾರ ಹೋಗಿದ್ದೆ. ಆಕೆ ಸೀರೆ ಎತ್ತಿಕಟ್ಟಿ ಖಾಲಿ ತೊಟ್ಟಿಯೊಳಗೆ ಇಳಿದು ಕೂತಿದ್ದರು. ಇದು ಮೀನಿಗೂ ಬಾಳಲ್ಲ, ನಿಮಗೂ ಬಾಳಲ್ಲ, ನಾಲೆಗೆ ಬಿಟ್ಟುಬಿಡಿ ಎಂದೆ. ಬ್ರಷ್ ನಿಲ್ಲಿಸಿ ಮುಖ ಎತ್ತಿದರು.

“ಅವ್ರಿಗೆ ವಾರಕ್ಕೆ ಎಲ್ಡು ದಿನ ಆದ್ರೂ ಸಿಕ್ತದೆ ಕಣಣ್ಣ. ನಂಗೆ ಯಾವ್ ದಿನ ಐತೆ ಏಳಿ.”

ಉತ್ತರಕ್ಕೆ ಆಕೆ ಕಾಯಲಿಲ್ಲ. ತೊಟ್ಟಿಯ ಇನ್ನೊಂದು ಮಗ್ಗುಲು ಉಜ್ಜುವುದು ಬಾಕಿಯಿತ್ತು.